ನನ್ನ ಥೈರಾಯಿಡಿನ ವಿಜಯೋತ್ಸವ

ನಾನು ಮೈಗಳ್ಳನಲ್ಲ. ಇದನ್ನು ನನ್ನ ರಕ್ತವೇ ಹೇಳಿದೆ. ಅದೂ ಲಿಖಿತದಲ್ಲಿ!

ಗಜೇಂದ್ರಗಡದಲ್ಲಿ ನನ್ನದೊಂದು ಸೀರೆ ಅಂಗಡಿ. ಹೋದ ವರ್ಷದಿಂದ ಯಾರಾದರೂ ಮೇಲಿನ ಕಪಾಟಿನ ಸೀರೆ ಕೇಳಿದರೆ ನಾನು ಕೆಳಗಿನ ಕಪಾಟಿನ ಮಹಿಮೆ ವರ್ಣಿಸುತ್ತಿದ್ದೆ. ಏಳಲು ಮೈಯೇ ಒಪ್ಪುತ್ತಿರಲಿಲ್ಲ. ಗಾದಿಯ ಮೇಲೆ ಕೂತಲ್ಲೇ ತೂಕಡಿಕೆ, ಬೇಸಿಗೆಯಲ್ಲೂ ಚಳಿ. ಹೊಟ್ಟೆಯೊಂದು ಮಾತ್ರ ಉತ್ಸಾಹದಿಂದ ಮುಂದೆ ಬರುತ್ತಿತ್ತು.

ಒಂದು ದಿನ ಹೆಂಡತಿ ಗಿರಿಜಾ ಗಿರಾಕಿಗಳೆದುರೇ, "ನಮ್ಮ ಮನಿಯವ್ರು ಭಾಳ ಮೈಗಳ್ಳರ ನೋಡ್ರಿ" ಎಂದುಬಿಟ್ಟಳು. ಅವಮಾನಕ್ಕೆ ನಿದ್ದೆ ಹಾರಿತು.

"ಇದು ರೋಗ ಐತಿ! ನಾಳೇನ ರಕ್ತ ತಪಾಸಣಿ ಮಾಡಸ್ತೇನಿ!"

"ಮಾಡಸ್ರಿ. ರೋಗ ಇದ್ರ ಇನ್ನ ಈ ಮಾತ ಆಡೂದಿಲ್ಲ. ರೋಗ ಇಲ್ಲಂದ್ರ ದಿನಾ ಮುಂಜಾನಿ ನನ್ನ ಜೋಡಿ ಗುಡ್ಡ ಹತ್ತಬೇಕು."

ರಿಪೋರ್ಟು ಬಂತು. ಥೈರಾಯಿಡ್ ಕಡಿಮೆ! ಡಾಕ್ಟರು ಹೇಳಿದರು: "ಇದು ಒಲಿ ಉರಿ ಇದ್ದಂಗ್ರಿ. ಉರಿ ಸಣ್ಣ ಆದ್ರ ಉಂಡದ್ದು ಲಗೂ ಕರಗೂದಿಲ್ಲ, ಮೈಯಾಗ ಹುರುಪೂ ಇರೂದಿಲ್ಲ." ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ರೋಗ ಬಂತೆಂದು ಓಣಿಗೆಲ್ಲ ಪೇಢೆ ಹಂಚಿದವನು ನಾನೊಬ್ಬನೇ ಇರಬೇಕು! ರಿಪೋರ್ಟಿಗೆ ಲ್ಯಾಮಿನೇಶನ್ ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದೆ. ಮೇಲಿನ ಸೀರೆ ಕೇಳಿದವರಿಗೆ ಅದನ್ನೇ ತೋರಿಸತೊಡಗಿದೆ.

ತಪ್ಪು ಥೈರಾಯಿಡಿನದೆಂದ ಮೇಲೆ ಬಾಯಿಗೇಕೆ ಶಿಕ್ಷೆ? ಸಂಜೆಯ ಗಿರಮಿಟ್, ಮಿರ್ಚಿ ಭಜಿ ನಿರಾತಂಕವಾಗಿ ಸಾಗಿದವು. ಗುಳಿಗೆಯನ್ನೂ ಡಾಕ್ಟರು ಹೇಳಿದಂತೆ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ನಿಷ್ಠೆಯಿಂದ ನುಂಗಿದೆ. ಎರಡು ತಿಂಗಳಾದರೂ ರಿಪೋರ್ಟು ಸುಧಾರಿಸಲಿಲ್ಲ.

"ಖಾಲಿ ಹೊಟ್ಟೀಲೆ ತಗೋತೀರಿಲ್ರಿ?" ಡಾಕ್ಟರು ಕೇಳಿದರು.

"ಒಂದ ದಿನಾನೂ ತಪ್ಪಿಲ್ರಿ!"

"ಚಹಾದ ಜೋಡಿ ನುಂಗತಾರ್ರಿ" ಎಂದಳು ಗಿರಿಜಾ.

"ಚಹಾ ಏನ ನಾಷ್ಟಾ ಏನ್ರಿ?" ನಾನು ಗುಡುಗಿದೆ. ನಮ್ಮ ಕಡೆ ಬರೀ ಚಹಾ ಕುಡಿದವನನ್ನು ಹೊಟ್ಟೆ ತುಂಬಿದವನೆಂದು ಯಾರೂ ಕರೆಯುವುದಿಲ್ಲ. ಡಾಕ್ಟರು ಹಣೆಗೆ ಕೈ ಹಚ್ಚಿದರು. "ಬರೇ ನೀರಾಗ ತಗೋರಿ. ಚಹಾ ಒಂದ ತಾಸ ಆದಮ್ಯಾಲ."

ಆ ಒಂದು ತಾಸು! ಗಡಿಯಾರದ ಮುಂದೆ ಖಾಲಿ ಕಪ್ಪು ಹಿಡಿದು ಕೂರುತ್ತಿದ್ದೆ. ಆದರೆ ಫಲ ಸಿಕ್ಕಿತು ನೋಡಿ! ಚಳಿ ಹೋಯಿತು, ತೂಕಡಿಕೆ ಹೋಯಿತು. ಕೇಳದಿದ್ದರೂ ಮೇಲಿನ ಕಪಾಟು ಹತ್ತಿ ಸೀರೆಗಳ ರಾಶಿ ಹಾಕತೊಡಗಿದೆ. "ಅಣ್ಣಾರ, ಸಾಕ್ರಿ! ನಾ ಬರೇ ಒಂದ ಕುಬಸದ ಖಣ ನೋಡಾಕ ಬಂದೇನ್ರಿ" ಎಂದು ಒಬ್ಬ ಅಜ್ಜಿ ಕೈಮುಗಿದಳು.

ಮುಂದಿನ ರಿಪೋರ್ಟು ಪೂರಾ ನಾರ್ಮಲ್! ಎದೆಯುಬ್ಬಿಸಿ ತೂಕದ ಯಂತ್ರ ಹತ್ತಿದೆ. ಇಳಿದದ್ದು ಎರಡೇ ಕಿಲೋ.

"ಥೈರಾಯಿಡ್ ತಂದದ್ದು ಅಷ್ಟ ಇತ್ರಿ. ಅದರಾಗೂ ಭಾಳಷ್ಟು ಉಪ್ಪು, ನೀರು" ಎಂದು ಡಾಕ್ಟರು ನಕ್ಕರು. "ಉಳಿದದ್ದು ನಿಮ್ಮ ಸ್ವಂತ ಗಳಿಕಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ಗಿರಿಜಾ ಮಾತಿಗೆ ತಪ್ಪುವವಳಲ್ಲ. ಮೈಗಳ್ಳ ಎನ್ನಲಿಲ್ಲ. ಮೆಲ್ಲಗೆ ಕೇಳಿದಳು: "ಅಂದ್ರ ಈಗ ನಿಮಗ ತ್ರಾಸ ಏನೂ ಇಲ್ಲಲ್ರಿ?"

"ಏನೂ ಇಲ್ಲ! ಎಲ್ಲಾ ನಾರ್ಮಲ್!" ಇಡೀ ದವಾಖಾನೆಗೆ ಕೇಳುವಂತೆ ಸಾರಿದೆ.

"ಹಂಗಾರ ನಾಳೆ ಮುಂಜಾನಿ ಗುಡ್ಡ."

ಇದನ್ನು ಗುಡ್ಡದ ಇಪ್ಪತ್ತನೇ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಗಿರಿಜಾ ತುದಿ ಮುಟ್ಟಿ ಕೂಗುತ್ತಿದ್ದಾಳೆ. ಸಾಕ್ಷಿಗಿರಲೆಂದು ಹಳೆಯ ರಿಪೋರ್ಟನ್ನು ಜೊತೆಗೇ ತಂದಿದ್ದೇನೆ. ಲ್ಯಾಮಿನೇಶನ್ ಗಟ್ಟಿಯಾಗಿದೆ. ಗಾಳಿ ಬೀಸಿಕೊಳ್ಳಲು ಭಾಳ ಚಲೋ!