ಆಳಂದದ ಬಜಾರಿನಲ್ಲಿ ಕೂಡಬಾರದು

ಮಟಕಿ ಎಂಬ ಹಳ್ಳಿಯ ಮಾಳಿಂಗಪ್ಪನ ಆ ಸೋಮವಾರವನ್ನು ಕೆಡಿಸಿದ್ದು ಒಂದೇ ಒಂದು ಪ್ರಶ್ನೆ. ಕೇಳಿದವನು ದರ್ಜಿ ಖಾದರಸಾಬ. ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಳಂದದಲ್ಲಿ ಬಸ್ಸಿಳಿದು, ಹೊಸ ಧೋತರ ಉಟ್ಟು, ಬಜಾರಿನ ಕಾಲುದಾರಿಯ ಮೇಲೆ ಬಿರಬಿರನೆ ಬರುತ್ತಿದ್ದ ಹಳೆಯ ಗಿರಾಕಿಯನ್ನು ಕಂಡು ಬಾಯಲ್ಲಿದ್ದ ದಾರ ತೆಗೆದ.

"ಏನ್ ಮಾಳಿಂಗಪ್ಪಣ್ಣಾ, ಎಲ್ಲಿಗಿ ಹೊಂಟೀರಿ?"

ಮಾಳಿಂಗಪ್ಪನ ಕಾಲು ನೆಲಕ್ಕೆ ಅಂಟಿಕೊಂಡವು. ಒಳ್ಳೆಯ ಕೆಲಸಕ್ಕೆ ಹೊರಟವನನ್ನು ಎಲ್ಲಿಗೆ ಎಂದು ಯಾರಾದರೂ ಕೇಳುತ್ತಾರೆಯೇ? ಕೇಳಿದರೆ ಮುಗಿಯಿತು, ಒಂದು ಹೆಜ್ಜೆಯೂ ಮುಂದಿಡದೆ ಅಲ್ಲೇ ಕೂತು, ಗುಟುಕು ನೀರು ಕುಡಿದು, ಹೊಸದಾಗಿ ಹೊರಡಬೇಕು. ಹೋದ ವರ್ಷ ಹೀಗೇ ಒಬ್ಬ ಕೇಳಿದಾಗ ಅವಸರಕ್ಕೆ ಬಿದ್ದು ಕೂಡದೆ ನಡೆದಿದ್ದ. ಮಗಳು ರೇವಮ್ಮನಿಗೆ ಕೂಡಿಬಂದಿದ್ದ ಸಂಬಂಧ ಅದೇ ಸಂಜೆ ಮುರಿದಿತ್ತು. ಹೆಂಡತಿ ಬಾಳಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಇವತ್ತು ಹೊರಟಿದ್ದೂ ರೇವಮ್ಮನ ಮದುವೆಯ ಮಾತಿಗೇ. ಹುಡುಗನ ತಂದೆ ಇದೇ ಊರಿನ ಅಂಬಾರಾಯರು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ, ಮಾತೆಲ್ಲ ನಡೆದದ್ದು ಮಧ್ಯಸ್ಥರ ಮೂಲಕ. ಹನ್ನೆರಡರೊಳಗೆ ಬಂದರೆ ಮಾತು ಪಕ್ಕಾ, ತಡವಾದರೆ ಹವಳಗಾ ಊರಿನ ಬೇರೆ ಹೆಣ್ಣಿನವರು ಕಾದಿದ್ದಾರೆ ಎಂದು ಹೇಳಿ ಕಳಿಸಿದ್ದರು. ಜೊತೆಗೆ ಇನ್ನೊಂದು ಷರತ್ತು: ಠಾಣೆ, ಕಚೇರಿಯ ಮೆಟ್ಟಿಲು ಹತ್ತಿದ ಮನೆಯ ಹೆಣ್ಣು ತಮಗೆ ಬೇಡ.

ಮಾಳಿಂಗಪ್ಪ ಧೋತರ ಎತ್ತಿ ಕೂಡಲು ಬಾಗಿದ್ದೇ ತಡ, ಖಾದರಸಾಬ ಮಿಷನ್ನು ಬಿಟ್ಟು ಹಾರಿ ಬಂದು ರಟ್ಟೆ ಹಿಡಿದ. ಪುರಸಭೆಗೆ ಹೊಸ ಸಾಹೇಬರು ಬಂದಿದ್ದಾರಂತೆ. ಬಜಾರಿನ ಕಾಲುದಾರಿಯ ಮೇಲೆ ಯಾರೂ ಕೂಡಬಾರದು, ಮಲಗಬಾರದು ಎಂದು ಮೊನ್ನೆ ಡಂಗುರ ಹೊಡೆಸಿದ್ದಾರಂತೆ. ಕೂತವರನ್ನು ಜವಾನ ಹಿಡಿದು ಕಚೇರಿಗೆ ಒಯ್ಯುತ್ತಾನಂತೆ.

ಕಚೇರಿ ಎಂಬ ಮಾತು ಕೇಳಿ ಬಾಗಿದ್ದ ಮಾಳಿಂಗಪ್ಪ ನೆಟ್ಟಗೆ ನಿಂತ. ಕೂತರೆ ಕಚೇರಿ, ಕೂಡದಿದ್ದರೆ ಅಪಶಕುನ. ಎರಡರಲ್ಲಿ ಯಾವುದಾದರೂ ರೇವಮ್ಮನ ಮದುವೆ ಮಣ್ಣುಪಾಲು. ಎದುರಿನ ಅಂಗಡಿಯ ಗಡಿಯಾರದಲ್ಲಿ ಹನ್ನೊಂದೂಕಾಲು.

ಪೇರಲ ಮಾರುವ ಹುಸೇನಬೀ ಬುಟ್ಟಿಯನ್ನು ಸೊಂಟಕ್ಕಿಟ್ಟು ಮೂರು ದಿನದಿಂದ ನಿಂತೇ ವ್ಯಾಪಾರ ಮಾಡುತ್ತಿದ್ದಳು. ಕಾನೂನು ಅವಳಿಗೆ ಬಾಯಿಪಾಠವಾಗಿತ್ತು.

"ಕುಂಡಿ ನೆಲಕ್ಕ ತಾಕಿದ್ರ ಕುಂತಂಗ, ತಾಕದಿದ್ರ ನಿಂತಂಗ. ನೀವು ಅರ್ಧಾ ಕುಂಡರ್ರಿ."

ಸುತ್ತ ಜನ ಸೇರಿತು. ಅರ್ಧ ಕೂತರೆ ಅಪಶಕುನವೂ ಅರ್ಧವೇ ಹೋಗುತ್ತದೆ ಎಂದು ಒಬ್ಬ ತಕರಾರು ತೆಗೆದ. ಹಾಗಾದರೆ ಎರಡು ಸಲ ಅರ್ಧರ್ಧ ಕೂಡಲಿ ಎಂದು ಇನ್ನೊಬ್ಬ ಲೆಕ್ಕ ಬಿಡಿಸಿದ. ಮಾಳಿಂಗಪ್ಪ ದೇವರನ್ನು ನೆನೆದು, ಕಾಣದ ಕುರ್ಚಿಯ ಮೇಲೆ ಕೂತವನಂತೆ ಮೊಣಕಾಲು ಮಡಚಿದ. ಖಾದರಸಾಬ ತಂಬಿಗೆ ಕೊಟ್ಟ. ಮೊದಲ ಗುಟುಕು ಗಂಟಲಿಗೆ ಇಳಿಯುತ್ತಿದ್ದಂತೆ ಜನರೆಲ್ಲ ಚೆಲ್ಲಾಪಿಲ್ಲಿಯಾದರು. ಎದುರಿಗೆ ಖಾಕಿ ಅಂಗಿಯ ಜವಾನ ನಿಂತಿದ್ದ.

ತಾನು ಕೂತಿಲ್ಲ ಎಂದು ಹೇಳಲು ಬಾಯಿ ತೆರೆದ ಮಾಳಿಂಗಪ್ಪನಿಗೆ ನೀರು ನೆತ್ತಿಗೇರಿತು. ಕೆಮ್ಮಿದ ರಭಸಕ್ಕೆ ಮೊದಲೇ ನಡುಗುತ್ತಿದ್ದ ಕಾಲು ಕೈಕೊಟ್ಟವು. ಮೊದಲು ಕುಂಡಿ, ಆಮೇಲೆ ಬೆನ್ನು, ಕೊನೆಗೆ ತಲೆ, ಎಲ್ಲ ನೆಲ ಕಂಡವು.

"ಕುಂತದ್ದೊಂದು, ಮಲಗಿದ್ದೊಂದು," ಎಂದು ಜವಾನ ಬೆರಳು ಮಡಚಿದ. "ನಡೀರಿ."

ಪುರಸಭೆಯ ಅಂಗಳದಲ್ಲಿ ಸಾಹೇಬರು ಬರುವವರೆಗೆ ನಿಂತಿರಬೇಕೆಂದು ಅಪ್ಪಣೆಯಾಯಿತು. ಮಾಳಿಂಗಪ್ಪ ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡ. ಯಾರಾದರೂ ನೋಡಿ ಅಂಬಾರಾಯರ ಕಿವಿಗೆ ಹಾಕಿದರೆ? ಒಳಗೆ ಗಡಿಯಾರ ಹನ್ನೆರಡು ಹೊಡೆಯಿತು.

ಪಕ್ಕದಲ್ಲಿ ಬಿಳಿ ಟೋಪಿಯ ಹಿರಿಯರೊಬ್ಬರು ನಿಂತಿದ್ದರು. ಅವರೂ ಹೆಗಲ ಮೇಲಿನ ಉಪರಣೆಯಿಂದ ಮುಖ ಮುಚ್ಚಿಕೊಂಡಿದ್ದರು. ಅವರೇ ಮೊದಲು ತಮ್ಮ ಗೋಳು ತೋಡಿಕೊಂಡರು. ಬೆಳಿಗ್ಗೆ ಮನೆಯಿಂದ ಹೊರಬಿದ್ದು ಬಜಾರಿಗೆ ಬಂದಾಗ ಎದುರಿಗೆ ಯಾರೋ ಸೀನಿದರಂತೆ. ಇವರು ಕೂತರಂತೆ.

"ಬೀಗರು ಮೊದಲನೇ ಸಲ ಊರಿಗೆ ಬರಾಕತ್ತಾರ ಅಂತ ಬಸ್ ಸ್ಟ್ಯಾಂಡಿಗಿ ಹೊಂಟಿದ್ದೆರಿ. ಮಟಕಿಯವರು. ನಾ ಇಲ್ಲಿ ನಿಂತದ್ದು ಅವರಿಗಿ ತಿಳಿದ್ರ ಮುಖ ಹ್ಯಾಂಗ ತೋರಿಸಲಿ?"

ಮಾಳಿಂಗಪ್ಪನ ರುಮಾಲು ಜಾರಿತು. "ಅಂಬಾರಾಯರೇನ್ರಿ? ನಾನೇರಿ, ಮಾಳಿಂಗಪ್ಪ," ಎಂದವನು ತನ್ನ ಕಥೆಯನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಅಂಬಾರಾಯರು ಅವನ ಎರಡೂ ಕೈ ಹಿಡಿದುಕೊಂಡರು. ಇಬ್ಬರ ಕಣ್ಣಲ್ಲೂ ನೀರು. ಮಾಳಿಂಗಪ್ಪ ನಕ್ಕೇಬಿಟ್ಟ. ಇಬ್ಬರೂ ಕಚೇರಿ ಕಂಡವರೇ ಆದ ಮೇಲೆ ಯಾರು ಯಾರಿಗೆ ಅಂಜಬೇಕು?

"ಮಾಳಿಂಗಪ್ಪನವರೇ, ನಿಮ್ಮಂಥ ಶಕುನಾ ನೋಡೋ ಮನಿತನಾನೇ ನಾ ಹುಡುಕಾಕತ್ತಿದ್ದೆ," ಎಂದರು ಅಂಬಾರಾಯರು. ಆಮೇಲೆ ಮೆಲ್ಲಗೆ ಕೈ ಬಿಟ್ಟರು. "ನೀವೇ ವಿಚಾರ ಮಾಡ್ರಿ. ಹೊಂಟಾಗ ನಿಮಗೂ ಅಪಶಕುನದ ತಡಿ ಬಂತು, ನನಗೂ ಬಂತು. ಇಷ್ಟ ಆದಮ್ಯಾಲ ಈ ಸಂಬಂಧ ಮಾಡಬಹುದೇನ್ರಿ?"

ಮಾಳಿಂಗಪ್ಪನಿಗೆ ಅವರ ಕಾಲು ಹಿಡಿಯಬೇಕೆನ್ನಿಸಿತು, ಜಗಳ ಕಾಯಬೇಕೆನ್ನಿಸಿತು, ಎಲ್ಲಕ್ಕಿಂತ ಹೆಚ್ಚಾಗಿ ಅಳಬೇಕೆನ್ನಿಸಿತು. ಆದರೆ ಏನೆಂದು ವಾದಿಸುವುದು? ಅವರ ಜಾಗದಲ್ಲಿ ತಾನಿದ್ದಿದ್ದರೆ ಇದೇ ಮಾತನ್ನು ಇನ್ನೂ ಮೊದಲೇ ಆಡಿರುತ್ತಿದ್ದ.

"ಮಾಡಬಾರದ್ರಿ," ಎಂದ.