ಹಳೇ ಕಬಡ್ಡಿ ಫೋಟೋಗಳ ಬೆನ್ನು ಹತ್ತಿ

ಹಳೇ ಕಬಡ್ಡಿ ಆಟಗಾರರ ಫೋಟೋ ಕೇಳಿಕೊಂಡು ಯಾವ ಮನೆಗೆ ಹೋದರೂ, ಫೋಟೋ ಸಿಗುತ್ತದೋ ಇಲ್ಲವೋ, ಏನಾದರೊಂದು ನಡೆದೇ ನಡೆಯುತ್ತದೆ. ನಾನು ಚಳ್ಳಕೆರೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತನಾದವನು. ಹಿಂದೆಲ್ಲ ಟೂರ್ನಮೆಂಟ್ ಗೆದ್ದವರು ಸ್ಟುಡಿಯೋಗೆ ಹೋಗಿ, ಬನಿಯನ್ ಮೇಲೆ ಪದಕ ಸಿಕ್ಕಿಸಿಕೊಂಡು, ಪೋಸ್ಟ್‌ಕಾರ್ಡ್ ಅಳತೆಯ ಫೋಟೋ ತೆಗೆಸಿ ನೆಂಟರಿಷ್ಟರಿಗೆ ಹಂಚುತ್ತಿದ್ದರು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಿಗೆ ಸಂಬಂಧಪಟ್ಟವರ ಅಂಥ ಕಾರ್ಡುಗಳನ್ನು ನಾನು ಕೂಡಿಡುತ್ತಿದ್ದೇನೆ. ಆಡಿದವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಮುಖವಾದರೂ ಉಳಿಯಲಿ ಎಂಬ ಆಸೆ.

೧. ಸಂಬಂಧ

ಚಳ್ಳಕೆರೆಯ ಅಜ್ಜಿಯೊಬ್ಬರು ತಾವಾಗಿಯೇ ಹೇಳಿಕಳಿಸಿದರು. ಹೋದಾಗ ಟ್ರಂಕಿನ ತಳದಿಂದ ಒಂದು ಕಾರ್ಡು ತೆಗೆದುಕೊಟ್ಟರು. ಕ್ರಾಪು ಬಾಚಿ, ಎದೆಯುಬ್ಬಿಸಿ ನಿಂತ ಹುಡುಗ. ಹಿಂಬದಿಯಲ್ಲಿ ದಾವಣಗೆರೆ ಸ್ಟುಡಿಯೋದ ಮುದ್ರೆ. ನಮ್ಮ ಕಡೆಯವರಾ ಎಂದು ಕೇಳಿದೆ. ಅಲ್ಲ, ಈ ಊರಿಗೆ ಹೆಣ್ಣು ನೋಡಲು ಬಂದಿದ್ದರು ಎಂದರು. ಹಾಗಾದರೆ ಊರಿನ ಅಳಿಯ ಎಂದಾಯಿತಲ್ಲ ಎಂದೆ. ಇಲ್ಲ, ಹೆಣ್ಣು ಒಪ್ಪಲಿಲ್ಲವಂತೆ. ಆ ಹೆಣ್ಣು ಯಾರು ಎಂದು ನಾನು ಕೇಳುವ ಮೊದಲೇ ಅಜ್ಜಿ ಸೆರಗು ಸರಿಮಾಡಿಕೊಂಡರು.

"ನಾನೇ. ಬಂದಾಗಿಂದ ಹೋಗೋ ತನಕ ಬರೀ ಕಬಡ್ಡಿನೇ ಮಾತಾಡಿದ. ಹುಡುಗ ಬ್ಯಾಡ ಅಂದೆ. ಫೋಟೋ ಚೆನ್ನಾಗಿತ್ತು, ಇಟ್ಕೊಂಡೆ."

೨. ಮಂಡಿಯ ಗಾಯ

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಹಿರಿಯರೊಬ್ಬರು ಒಂದು ಕಾಲಕ್ಕೆ ಒಳ್ಳೆಯ ಆಟಗಾರರು. ಕಾರ್ಡು ಕೈಗಿಟ್ಟ ಮೇಲೆ ಪಂಚೆ ಸರಿಸಿ ಮಂಡಿಯ ಮೇಲಿನ ದೊಡ್ಡ ಗಾಯದ ಗುರುತು ತೋರಿಸಿದರು. ಸೆಮಿಫೈನಲ್‌ನಲ್ಲಿ ಎದುರಾಳಿಗಳೆಲ್ಲ ಮೇಲೆ ಬಿದ್ದದ್ದು, ರಕ್ತ ಸುರಿಯುತ್ತಿದ್ದರೂ ತಾವು ಗೆರೆ ಮುಟ್ಟಿದ್ದು, ಎಲ್ಲವನ್ನೂ ಗಂಭೀರವಾಗಿ ಹೇಳಿದರು. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಆಗ ಒಳಗೆ ಮಗ್ಗದ ಮುಂದೆ ಕೂತಿದ್ದ ಅವರ ಹೆಂಡತಿ, ಕೈ ನಿಲ್ಲಿಸದೆ ತೆಲುಗಿನಲ್ಲಿ ಒಂದು ಮಾತು ಹೇಳಿದರು: "ಮಗ್ಗಂ ಗುಂಟಲೋ ಪಡ್ಡಾರು."

ಮಗ್ಗದ ಗುಂಡಿಗೆ ಬಿದ್ದದ್ದು ಅಂತ.

ಹಿರಿಯರು ಪಂಚೆ ಇಳಿಸಿ, "ನಮ್ಮಾಕೆಗೂ ಆ ಮ್ಯಾಚು ಚೆನ್ನಾಗಿ ನೆನಪೈತೆ ನೋಡ್ರಿ" ಎಂದರು. ನನಗೂ ತೆಲುಗು ಬರುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ.

೩. ಕೊಂಡ್ಲಹಳ್ಳಿಯ ಫೈನಲ್

ಕೊಂಡ್ಲಹಳ್ಳಿಯ ಒಬ್ಬರು ರೈಡಿಂಗಿಗೆ ಹೆಸರಾದವರು. ಹೋದ ವರ್ಷ ಲಕ್ವ ಹೊಡೆದು ಹಾಸಿಗೆ ಹಿಡಿದರು. ಮಾತು ನಿಂತಿತು. ಹೆಂಡತಿ ಮಕ್ಕಳ ಗುರುತು ಇದೆಯೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ಹಳೇ ಫೋಟೋ ನೋಡಿದರೆ ಏನಾದರೂ ನೆನಪಾದೀತು, ಒಮ್ಮೆ ಬನ್ನಿ ಎಂದು ಅವರ ಹೆಂಡತಿ ಫೋನ್ ಮಾಡಿ ಬೇಡಿಕೊಂಡರು.

ಹೋಗಿ ಮಂಚದ ಪಕ್ಕ ಕೂತು ಒಂದೊಂದಾಗಿ ತೋರಿಸಿದೆ. ಅವರದೇ ಫೋಟೋ ಹಿಡಿದೆ, ಕಣ್ಣು ಅಲುಗಲಿಲ್ಲ. ಜೊತೆಗಾರರದು ಹಿಡಿದೆ, ಇಲ್ಲ. ಕೊನೆಗೆ, ಫೈನಲ್‌ನಲ್ಲಿ ಇವರನ್ನು ಹಿಡಿದು ಕೆಡವಿ ಗೆದ್ದ ಚಳ್ಳಕೆರೆ ಟೀಮಿನ ಕ್ಯಾಪ್ಟನ್ ಕಾರ್ಡು ಹಿಡಿದೆ. ಬಹಳ ಹೊತ್ತು ನೋಡಿದರು. ತುಟಿ ನಡುಗಿತು.

"ಗೆರೆ... ದಾಟಿದ್ದ" ಎಂದರು.

ಹೆಂಡತಿ ಅಲ್ಲೇ ಕುಸಿದು ಕೂತು ಅತ್ತರು. ಅಳುತ್ತಲೇ ನಕ್ಕರು. "ನನ್ನ ಹೆಸರು ಬರಲಿಲ್ಲ, ಅವನ ಫೌಲು ಬಂತು ನೋಡ್ರಿ ಮೇಷ್ಟ್ರೇ."

ಆ ಕ್ಯಾಪ್ಟನ್ ಈಗ ಕೋಲೂರಿ ನಡೆಯುವವರು. ಚಳ್ಳಕೆರೆಗೆ ವಾಪಸಾಗಿ ಅವರಿಗೆ ನಡೆದದ್ದು ಹೇಳಿದೆ. ಕೋಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ಬಸ್ಸು ಎಷ್ಟೊತ್ತಿಗೈತೆ ಎಂದು ಕೇಳಿದರು.

ಮರುದಿನ ಜೊತೆಯಾಗಿ ಹೋದೆವು. ಕ್ಯಾಪ್ಟನ್ ಮಂಚದ ಅಂಚಿನಲ್ಲಿ ಕೂತು ಹಳೇ ಎದುರಾಳಿಯ ಕೈ ಹಿಡಿದರು. "ನಿನ್ನ ಹಿಡಿಯೋವಾಗ ಗೆರೆ ದಾಟಿದ್ದೆ ಕಣಲೇ. ರೆಫರಿ ನೋಡ್ಲಿಲ್ಲ, ನಾನೂ ಹೇಳ್ಲಿಲ್ಲ. ಮನಸ್ನಾಗೆ ಇಟ್ಕಬ್ಯಾಡ" ಎಂದರು.

ಮಲಗಿದ್ದವರ ಕಣ್ಣಲ್ಲಿ ನೀರು ಇಳಿಯಿತು. ನಾನೂ ಕಣ್ಣೊರೆಸಿಕೊಂಡೆ. ಅವರು ಸ್ವಾಧೀನವಿದ್ದ ಕೈಯಲ್ಲಿ ಕ್ಯಾಪ್ಟನ್ ಮುಂಗೈಯನ್ನು ಬಿಗಿಯಾಗಿ ಹಿಡಿದು, ಕಷ್ಟಪಟ್ಟು ಒಂದು ಮಾತು ಹೊರಡಿಸಿದರು.

"ಕಪ್ಪು."

ಗಂಡ ಬಾಯಿಬಿಟ್ಟು ಏನೋ ಕೇಳಿದರಲ್ಲ ಎಂಬ ಸಂತೋಷಕ್ಕೆ ಹೆಂಡತಿ ಒಳಗೋಡಿ, ಕಪ್ಪಿನ ತುಂಬ ಕಾಫಿ ತಂದರು. ಮಲಗಿದ್ದವರು ಅದರ ಕಡೆ ನೋಡಲೂ ಇಲ್ಲ, ಹಿಡಿದ ಕೈ ಬಿಡಲೂ ಇಲ್ಲ.

ಕ್ಯಾಪ್ಟನ್ ನಿಟ್ಟುಸಿರು ಬಿಟ್ಟರು. "ಇದಲ್ಲ ಕಣಮ್ಮ. ಅವನು ಕೇಳ್ತಿರೋ ಕಪ್ಪು ನಮ್ಮನೆ ಶೋಕೇಸಿನಾಗೈತೆ."