ಮಾವನ ಎಲೆಗೊಂದು ಕಾಣೆ ಮೀನು

ಎರಡು ಗಾಡಿಗಳು ಢಿಕ್ಕಿ ಹೊಡೆದರೆ ತಪ್ಪು ಯಾರದ್ದೆಂದು ಬರೆದುಕೊಡುವುದು ನನ್ನ ಹೊಟ್ಟೆಪಾಡು. ವಿಮಾ ಸರ್ವೆಯರ್ ಎನ್ನುತ್ತಾರೆ. ಕಾರ್ಕಳದಿಂದ ಕಾಪುವಿನವರೆಗೆ ಎಲ್ಲಿ ಬಂಪರ್ ಒಡೆದರೂ ನಾನು ಟೇಪು ಹಿಡಿದು ಹೋಗುತ್ತೇನೆ. ಅಳೆಯುತ್ತೇನೆ, ಫೋಟೋ ತೆಗೆಯುತ್ತೇನೆ, ಕೊನೆಗೆ ‘ಚಾಲಕನ ನಿರ್ಲಕ್ಷ್ಯವೇ ಕಾರಣ’ ಎಂದು ಷರಾ ಬರೆಯುತ್ತೇನೆ. ಊರಿನವರ ನಿರ್ಲಕ್ಷ್ಯವನ್ನೆಲ್ಲ ಇಷ್ಟು ವರ್ಷ ಹತ್ತಿರದಿಂದ ನೋಡಿದವನು ತಾನೇ ನಿರ್ಲಕ್ಷ್ಯ ಮಾಡುವುದು ಸಾಧ್ಯವೇ ಇಲ್ಲ ಎಂಬುದು ಕಳೆದ ಆಟಿ ತಿಂಗಳವರೆಗೆ ನನ್ನ ದೃಢ ನಂಬಿಕೆಯಾಗಿತ್ತು.

ನನ್ನ ಮಾವ, ಎಂದರೆ ಹೆಂಡತಿ ವಿನೋದಳ ಅಪ್ಪ, ಉಡುಪಿ–ಕಾರ್ಕಳ ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. ಅಷ್ಟು ವರ್ಷಗಳಲ್ಲಿ ಹಿರಿಯಡ್ಕದ ತಿರುವಿನಲ್ಲಿ ಒಂದು ಕೋಳಿಗೂ ತಾಗಿಸಿದವರಲ್ಲ. ಇಂಥವರು ಹೆಚ್ಚಾದರೆ ನನ್ನ ಕಸುಬಿಗೇ ಸಂಚಕಾರ! ನಿವೃತ್ತಿಯಾದ ಮೇಲೆ ದುಬೈಯಲ್ಲಿರುವ ಮಗ ಅವರಿಗೊಂದು ಹನ್ನೆರಡು ಅಡಿ ಉದ್ದದ ಗಾಳದ ಕೋಲು ಕಳಿಸಿದ. ಅಂದಿನಿಂದ ದಿನವೂ ಸಂಜೆ ಕಾಪುವಿನ ಮನೆಯ ಹಿಂದಿನ ಕಡಲ ತೀರಕ್ಕೆ ಹೋಗಿ ನಿಲ್ಲುವುದು ಅವರ ಕೆಲಸವಾಯಿತು.

ನಿಲ್ಲುವುದು ಎಂದೆ, ಗಮನಿಸಿ. ಹೆಚ್ಚಿನ ದಿನ ಅವರು ಗಾಳ ಎಸೆಯುತ್ತಲೇ ಇರಲಿಲ್ಲ. ಕೋಲನ್ನು ಮರಳಿಗೆ ಊರಿ, ಕೈ ಹಿಂದಕ್ಕೆ ಕಟ್ಟಿ, ಅರ್ಧ ಗಂಟೆ ಸಮುದ್ರ ನೋಡುತ್ತಿದ್ದರು. ಆಮೇಲೆ ಮನೆಗೆ ಬಂದು, ಅಂಗಳದಲ್ಲಿ ಕಾಲು ತೊಳೆದು, ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು ಎರಡೇ ಶಬ್ದ: “ಇವತ್ತು ಇಲ್ಲ.”

ಆದರೆ ಗಾಳ ಎಸೆದ ದಿನ ನಾಲ್ಕೈದು ಕಾಣೆ ಮೀನಿಲ್ಲದೆ ಬಂದದ್ದನ್ನು ನಾನು ನೋಡಿಲ್ಲ. ಒಂದು ಗೇಣು ಉದ್ದದ, ಬೆಳ್ಳಿಯ ಹಾಗೆ ಹೊಳೆಯುವ ಮೀನು. ಅತ್ತೆ ಅದಕ್ಕೆ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಹುರಿದರೆ ಬೀದಿಯ ಬೆಕ್ಕುಗಳೆಲ್ಲ ನಮ್ಮ ಸಂಬಂಧಿಕರಾಗುತ್ತಿದ್ದವು.

“ಮಾವ, ನೋಡಿ ವಾಪಸು ಬರ್ಲಿಕ್ಕೆ ಕೋಲು ಯಾಕೆ? ಕನ್ನಡಕ ಸಾಕಲ್ವಾ?” ಎಂದು ಒಮ್ಮೆ ಕೆಣಕಿದ್ದೆ.

“ಓವರ್‌ಟೇಕ್ ಮಾಡಬಾರದ ಜಾಗದಲ್ಲಿ ಮಾಡದೆ ಇರುವುದೇ ಡ್ರೈವಿಂಗ್ ಮಾರಾಯ್ರೆ. ಇದು ಸಹ ಹಾಗೆಯೇ,” ಎಂದಿದ್ದರು.

ಕಳೆದ ನವೆಂಬರಿನಲ್ಲಿ ಒಂದು ಆದಿತ್ಯವಾರ ಅವರ ಫೋನು ಬಂತು. “ನೀರು ಚೆನ್ನಾಗಿ ಉಂಟು ಇವತ್ತು. ಬರ್ತೀರಾ? ಒಮ್ಮೆ ನಿಮಗೆ ತೋರಿಸಬೇಕಿತ್ತು.” ಪರ್ಕಳದ ನಮ್ಮ ಮನೆಯಿಂದ ಕಾಪು ಎಷ್ಟು ದೂರ? ಒಂದು ಗಂಟೆಯೂ ಇಲ್ಲ. “ಮುಂದಿನ ಆದಿತ್ಯವಾರ ಖಂಡಿತ ಮಾವ” ಎಂದೆ. ಆ ಮುಂದಿನ ಆದಿತ್ಯವಾರವೂ ಅದನ್ನೇ ಹೇಳಿದೆ. ಹೀಗೆ ಐದು ಆದಿತ್ಯವಾರ. ಜನವರಿಯ ಒಂದು ಬೆಳಗ್ಗೆ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ಇದರಲ್ಲಿ ತಮಾಷೆ ಏನೂ ಇಲ್ಲ. ಕರೆದಾಗ ಹೋಗಲಿಲ್ಲವಲ್ಲ ಎಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ.

ನಮ್ಮಲ್ಲಿ ಮಳೆಗಾಲದ ನಟ್ಟನಡುವಿನ ಆಟಿ ತಿಂಗಳಲ್ಲಿ ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು, ಮನೆಯವರೆಲ್ಲ ಹೊರಗೆ ಕಾಯುವುದು. ಮಾವನಿಗೆ ಇದು ಮೊದಲ ಆಟಿ. ಏನೇನು ಬಡಿಸಬೇಕೆಂದು ಕಾಪುವಿನ ಮನೆಯಲ್ಲಿ ಮಾತಾಡಲು ಕುಳಿತಾಗ ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ: “ಮಾವನ ಎಲೆಗೆ ಕಾಣೆ ಮೀನು. ಅವರದ್ದೇ ಕೋಲಿನಲ್ಲಿ, ಅವರು ನಿಲ್ಲುತ್ತಿದ್ದ ಜಾಗದಿಂದ, ನಾನೇ ಹಿಡಿದು ತರುತ್ತೇನೆ!”

ಎಲ್ಲರೂ ನನ್ನ ಮುಖವನ್ನೇ ನೋಡಿದರು. ಅಭಿಮಾನದಿಂದ ಎಂದು ನಾನು ತಿಳಿದೆ.

ನೆರೆಮನೆಯ ದೂಮಣ್ಣ ಅಲ್ಲಿಯೇ ಇದ್ದರು. ಮಾವನ ಜತೆಗಾರ, ಹಿಂದೆ ಮೀನಿನ ದೋಣಿಗೆ ಹೋಗುತ್ತಿದ್ದವರು. “ಆಟಿಯಲ್ಲಿ, ದಡದಿಂದ, ಕಾಣೆಯಾ? ಎಂತ ಮಾರಾಯ್ರೆ, ಜ್ವರ ಉಂಟಾ?” ಎಂದರು.

“ನಿಮಗೆ ಈಜಲಿಕ್ಕೆ ಬರ್ತದಾ?” ಎಂದಳು ವಿನೋದ.

“ಮೀನು ಹಿಡಿಯಲಿಕ್ಕೆ ಈಜು ಯಾಕೆ?”

“ಮೀನಿಗೆ ಬರ್ತದಲ್ಲ, ಅದಕ್ಕೆ ಕೇಳಿದೆ.”

ನಮ್ಮ ಮನೆಮಾತು ತುಳು. ಅವಳು ತುಳುವಿನಲ್ಲಿ ಹೇಳಿದ್ದು ಇದಕ್ಕಿಂತ ಖಾರವಾಗಿತ್ತು. ಅತ್ತೆ ಮಾತ್ರ, “ಹಾಗಲ್ಲ, ಅವರು ಆಟಿಯಲ್ಲಿ…” ಎಂದು ಏನೋ ಹೇಳಹೊರಟರು. ನಾನು ಕೈ ಎತ್ತಿ ತಡೆದೆ. “ಅತ್ತೆ, ನೀವು ಎಂತ ಹೇಳುವುದೂ ಬೇಡ. ಇದು ನನ್ನ ಜವಾಬ್ದಾರಿ!” ಹೇಳಲು ಬಿಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಬಾಗಿಲ ಹಿಂದೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಕೋಲನ್ನು ಪರ್ಕಳಕ್ಕೆ ತಂದೆ. ಸಿದ್ಧತೆ ಶಾಸ್ತ್ರೋಕ್ತವಾಗಿ ನಡೆಯಿತು. ಮೊಬೈಲಿನಲ್ಲಿ ಗಾಳಿಗೆ ಒಂದು, ಭರತ ಇಳಿತಕ್ಕೆ ಒಂದು, ಮೀನಿನ ಮನಃಸ್ಥಿತಿಗೆ ಒಂದು ಎಂದು ಮೂರು ಆ್ಯಪ್ ಹಾಕಿಕೊಂಡೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ತಾರಸಿಯಲ್ಲಿ ಗಾಳ ಎಸೆಯುವ ಅಭ್ಯಾಸ ಆರಂಭಿಸಿದೆ. ಮೊದಲ ಎಸೆತಕ್ಕೇ ಭರ್ಜರಿ ಬೇಟೆ ಸಿಕ್ಕಿತು. ಪಕ್ಕದ ಮನೆಯ ಟೀಚರಮ್ಮ ಒಣಗಲು ಹಾಕಿದ್ದ ಬೆಡ್‌ಶೀಟು!

“ಸರ್, ಇದು ಡಬಲ್ ಬೆಡ್ಡಿನದ್ದು. ಸಣ್ಣದಾದರೆ ವಾಪಸು ಬಿಡ್ತೀರಾ ಹೇಗೆ?” ಎಂದು ಅವರು ಕಿಟಕಿಯಿಂದಲೇ ವಿಚಾರಿಸಿದರು.

ಬಡಿಸುವುದು ಒಂದು ಆದಿತ್ಯವಾರ ಎಂದು ನಿಶ್ಚಯವಾಗಿತ್ತು. ಅದರ ಹಿಂದಿನ ಆದಿತ್ಯವಾರಕ್ಕೆ ಮೂರೂ ಆ್ಯಪ್‌ಗಳು ಒಮ್ಮತದಿಂದ ಅನುಮತಿ ಕೊಟ್ಟವು. ಗಾಳಿ ಕಡಿಮೆ, ಭರತ ಬೆಳಗ್ಗೆ, ಮೀನಿಗೆ ನಾಲ್ಕು ಸ್ಟಾರ್. ಅಂದು ಹಿಡಿದು ಒಂದು ವಾರ ಫ್ರೀಜರಿನಲ್ಲಿ ಇಟ್ಟರಾಯಿತು ಎಂದು ಲೆಕ್ಕ ಹಾಕಿದೆ. ಕೊನೆಗೂ ನಾನು ಮಾವನ ಆದಿತ್ಯವಾರಕ್ಕೆ ಹೊರಟಿದ್ದೆ.

ಬೆಳಗ್ಗೆ ಏಳಕ್ಕೆ ಕಾಪುವಿನ ತೀರದಲ್ಲಿ ನಿಂತಾಗ ಮಳೆ ಬಿಟ್ಟಿತ್ತು. ಸಮುದ್ರ ಬಿಟ್ಟಿರಲಿಲ್ಲ. ಕೆಂಪು ಮಿಶ್ರಿತ ನೀರು, ಒಂದರ ಬೆನ್ನಿಗೆ ಒಂದು ಅಲೆ. ದೂರದಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ಅದು ಈಜುವವರಿಗೆ, ನನಗಲ್ಲ ಎಂದು ವ್ಯಾಖ್ಯಾನಿಸಿಕೊಂಡೆ. ಮಾವ ಅರ್ಧ ಗಂಟೆ ನೋಡುತ್ತಿದ್ದರಲ್ಲ, ನಾನು ಎರಡು ನಿಮಿಷ ನೋಡಿದೆ. ಆಗ ಕಾಣಿಸಿತು ಆ ಜಾಗ! ಎಡಕ್ಕೂ ಬಲಕ್ಕೂ ಅಲೆಗಳು ಒಡೆದು ನೊರೆ ಕಾರುತ್ತಿದ್ದರೆ, ನಡುವೆ ಹತ್ತು ಹದಿನೈದು ಮಾರು ಅಗಲಕ್ಕೆ ಅಲೆಯೇ ಇಲ್ಲ. ನೀರು ಸಾಧುವಾಗಿ ಮಲಗಿತ್ತು. ಇಷ್ಟು ಗಲಾಟೆಯಲ್ಲಿ ಬುದ್ಧಿ ಇರುವ ಯಾವ ಮೀನಾದರೂ ಎಲ್ಲಿ ಇರುತ್ತದೆ? ಅಲ್ಲಿಯೇ ಅಲ್ವಾ?

ಸಿಗಡಿ ಚುಚ್ಚಿದೆ, ಮೊಣಕಾಲುದ್ದ ನೀರಿಗೆ ಇಳಿದೆ, ಮಾವನನ್ನು ನೆನೆದು ಎಸೆದೆ. ಸೀಸದ ಗುಂಡು ಸರಿಯಾಗಿ ಆ ಶಾಂತ ನೀರಿನ ನಡುವೆ ಬಿತ್ತು. ಬಿದ್ದದ್ದೇ ತಡ, ರೀಲು ಕಿರ್ರೆಂದು ತಿರುಗಿ ನೂಲು ಹೊರಟಿತು! ಇಪ್ಪತ್ತು ಮಾರು, ಮೂವತ್ತು ಮಾರು, ನಿಲ್ಲುವುದೇ ಇಲ್ಲ. ಕೋಲು ಬಿಲ್ಲಿನಂತೆ ಬಗ್ಗಿತು.

“ಸಿಕ್ಕಿತು! ದೂಮಣ್ಣಾ, ಕಾಣೆ ಸಿಕ್ಕಿತು!” ಎಂದು ಬೊಬ್ಬೆ ಹೊಡೆದೆ.

ತಮ್ಮ ಮನೆಯ ಹಿಂಬಾಗಿಲಿನಿಂದ ದೂಮಣ್ಣ ಓಡಿ ಬರುತ್ತಿದ್ದರು. “ಕಾಣೆ ಒಂದು ಗೇಣು ಮಾರಾಯ್ರೆ! ನೀವು ಹಿಡಿದದ್ದು ಎಂತ, ಕಂಬಳದ ಕೋಣವಾ? ಹಿಂದೆ ಬನ್ನಿ!”

ಹಿಂದೆ ಬರುವುದು ಹೇಗೆ? ಮೀನು ನನ್ನನ್ನು ಎಳೆಯುತ್ತಿತ್ತು. ಒಂದು ಹೆಜ್ಜೆ ಮುಂದೆ ಹೋದೆ. ಕಾಲಡಿಯ ಮರಳು ಜಾರಿತು. ಇನ್ನೊಂದು ಹೆಜ್ಜೆ ನಾನು ಇಡಲೇ ಇಲ್ಲ, ಆದರೂ ಹೋದೆ! ನೀರು ಸೊಂಟಕ್ಕೆ ಬಂದಿತ್ತು. ತೀರದ ಕಾವಲುಗಾರನ ಸೀಟಿ ಕೇಳಿಸಿತು. ಅಷ್ಟರಲ್ಲಿ ದೂಮಣ್ಣ ಹಿಂದಿನಿಂದ ನನ್ನ ಬೆಲ್ಟಿಗೆ ಕೈ ಹಾಕಿದರು.

“ಕೋಲು ಬಿಡಿ!”

“ಮಾವನದ್ದು!”

“ಬಿಡಿ ಅಂತ ಹೇಳಿದ್ದು! ವಿನೋದಳಿಗೆ ನಾನು ಎಂತ ಹೇಳಲಿ?”

ನನ್ನ ಪ್ರಾಮಾಣಿಕ ಹೇಳಿಕೆ ಇದು: ನಾನು ಬಿಡಲಿಲ್ಲ. ಆ ಕ್ಷಣ ನನಗೆ ಮೀನು ಬೇಕಿರಲಿಲ್ಲ, ಸ್ಟಾರ್ ಬೇಕಿರಲಿಲ್ಲ. ಮಾವನ ಅಂಗೈ ತಾಗಿ ತಾಗಿ ನುಣುಪಾಗಿದ್ದ ಆ ಹಿಡಿ ಒಂದೇ ಬೇಕಿತ್ತು. ಬದಿಯಿಂದ ಬಂದ ಅಲೆಯೊಂದು ಎದೆಗೆ ಹೊಡೆದು, ಮೂಗು ಬಾಯಿಗೆಲ್ಲ ನೀರು ನುಗ್ಗಿ, ದೂಮಣ್ಣ ನನ್ನನ್ನು ಮರಳಿನ ಮೇಲೆ ಎಳೆದು ಹಾಕಿದಾಗ ನೋಡುತ್ತೇನೆ, ಕೈ ಖಾಲಿ. ಒಂದು ಚಪ್ಪಲಿಯೂ ಇಲ್ಲ. ಚಪ್ಪಲಿಯನ್ನು ಸಮುದ್ರ ಹತ್ತು ನಿಮಿಷದಲ್ಲಿ ವಾಪಸು ಕೊಟ್ಟಿತು. ಕೋಲನ್ನು ಕೊಡಲಿಲ್ಲ.

“ಮೀನು ದೊಡ್ಡದಿತ್ತು ದೂಮಣ್ಣ,” ಎಂದೆ, ಕೆಮ್ಮುತ್ತ.

ಅವರಿಗೂ ದಮ್ಮು ಹತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ. “ಮೀನೂ ಇಲ್ಲ, ಮಣ್ಣೂ ಇಲ್ಲ. ಅಲೆ ಒಡೆಯದ ಜಾಗ ಅಂದ್ರೆ ಬಂದ ನೀರು ವಾಪಸು ಹೋಗುವ ದಾರಿ. ಅಲ್ಲಿ ಗಾಳ ಹಾಕಿದ್ರೆ ಗಾಳ ಹೋಗ್ತದೆ, ಕಾಲು ಹಾಕಿದ್ರೆ ನೀವು ಹೋಗ್ತೀರಿ. ನಿಮ್ಮ ಮಾವ ಅರ್ಧ ಗಂಟೆ ಎಂತ ನೋಡ್ತಿದ್ದದ್ದು ಅಂತ ಗ್ರಹಿಸಿದ್ರಿ? ಸೂರ್ಯಾಸ್ತವಾ?”

ಒದ್ದೆ ಬಟ್ಟೆಯಲ್ಲಿ, ಬರಿಗೈಯಲ್ಲಿ ಅತ್ತೆಯ ಮುಂದೆ ನಿಂತೆ. ನಡೆದದ್ದನ್ನು ಹೇಳಿದೆ. ಬೈಯಲಿ ಎಂದು ಕಾದೆ. ಅವರು ಬಾಗಿಲ ಹಿಂದಿನ ಖಾಲಿ ಮೂಲೆಯನ್ನೊಮ್ಮೆ ನೋಡಿ, ನನಗೆ ಒಣ ಟವೆಲು ಕೊಟ್ಟು ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿ. ಅವರ ಪಾಲಿನದ್ದನ್ನೂ ಸೇರಿಸಿ ವಿನೋದ ಬೈದಳು. ಬೈಯುತ್ತಲೇ ನನ್ನ ತಲೆ ಒರೆಸಿದಳು.

ಮರುದಿನದಿಂದ ಸಂಜೆ ಕೆಲಸ ಮುಗಿದ ಕೂಡಲೇ ನಾನು ಕಾಪುವಿಗೆ ಹೋಗತೊಡಗಿದೆ. ಕೋಲು ಎಲ್ಲಾದರೂ ದಡಕ್ಕೆ ಬಿದ್ದಿರಬಹುದೆಂದು ಮೊದಲ ದಿನ ಮೈಲಿಗಟ್ಟಲೆ ನಡೆದೆ. ಸಿಕ್ಕಿದ್ದು ಹರಿದ ಬಲೆ, ತೆಂಗಿನ ಮಡಲು, ಯಾರದ್ದೋ ಹೆಲ್ಮೆಟ್ಟು. ಎರಡನೆಯ ದಿನ ದೂಮಣ್ಣ ಜತೆಗೆ ಬಂದರು, ದೂರದಿಂದ, ನನ್ನ ಬೆಲ್ಟಿನ ಮೇಲೆ ಒಂದು ಕಣ್ಣಿಟ್ಟು. ಮೂರನೆಯ ದಿನ ಹುಡುಕುವುದನ್ನು ಬಿಟ್ಟು ಸುಮ್ಮನೆ ನಿಂತೆ. ನಿಂತು ನೋಡಿದರೆ ಒಂದೊಂದೇ ಕಾಣತೊಡಗಿತು. ಅಲೆ ಎಲ್ಲಿ ಮೊದಲು ತಲೆ ಎತ್ತುತ್ತದೆ, ಎಲ್ಲಿ ಮರಳಿನ ದಿಬ್ಬ ಉಂಟು, ಎಲ್ಲಿ ಗುಂಡಿ ಉಂಟು, ನೀರು ಯಾವ ದಾರಿಯಲ್ಲಿ ಹಿಂದೆ ಹೋಗುತ್ತದೆ. ಆದಿತ್ಯವಾರ ನಾನು ಆರಿಸಿದ ಆ ಸಾಧು ಜಾಗ ಮೂರು ದಿನಗಳಲ್ಲಿ ಇಪ್ಪತ್ತು ಮಾರು ತೆಂಕಕ್ಕೆ ಸರಿದಿತ್ತು. ಇದನ್ನೇ ಅಲ್ಲವೇ ಮಾವ ತೋರಿಸಬೇಕೆಂದಿದ್ದದ್ದು? ಪಕ್ಕದಲ್ಲಿ ನಿಂತು, ಬೆರಳು ಚಾಚಿ ಐದು ನಿಮಿಷದಲ್ಲಿ ಹೇಳುತ್ತಿದ್ದರು. ನನಗೆ ಅಳು ಬಂತು. ದೂಮಣ್ಣ ಆ ಕಡೆ ತಿರುಗಿ ಮೂಗು ಒರೆಸಿಕೊಂಡರು, ಶೀತವಂತೆ.

ಬಡಿಸುವ ದಿನ ಬಂತು. ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಒಮ್ಮೆ ತೀರಕ್ಕೆ ಹೋದೆ. ದೂಮಣ್ಣ ಬೇಕಿದ್ದರೆ ತಮ್ಮ ಕೈಗಾಳ ಕೊಡುತ್ತೇನೆಂದಿದ್ದರು. ಅರ್ಧ ಗಂಟೆ ನೋಡಿದೆ. ನೀರು ಕದಡಿತ್ತು, ಅಲೆಗೂ ಅಲೆಗೂ ನಡುವೆ ಉಸಿರಾಡಲು ಜಾಗವಿರಲಿಲ್ಲ. ಕೊಟ್ಟ ಮಾತು ಉಳಿಯಲಿಲ್ಲ. ಮನೆಗೆ ಬಂದು, ಅಂಗಳದಲ್ಲಿ ಕಾಲು ತೊಳೆದು, ಬಾಗಿಲಲ್ಲಿ ನಿಂತೆ. ಒಳಗೆ ವಿನೋದ ಎಲೆ ಒರೆಸುತ್ತಿದ್ದಳು, ಅತ್ತೆ ಅರೆಯುತ್ತಿದ್ದರು. ಇಬ್ಬರೂ ತಲೆ ಎತ್ತಿ ನನ್ನನ್ನು ನೋಡಿದರು.

“ಇವತ್ತು ಇಲ್ಲ,” ಎಂದೆ.

ಹೇಳಿದ ಮೇಲೆ ಗೊತ್ತಾಯಿತು, ಏನು ಹೇಳಿದೆ ಎಂದು. ವಿನೋದಳ ಕೈ ಎಲೆಯ ಮೇಲೆ ನಿಂತಿತು. ಜನವರಿಯಿಂದ ಯಾರೆದುರೂ ಅತ್ತವರಲ್ಲ ಅತ್ತೆ. ಈಗ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲಿಯೇ ಕುಸಿದು ಕುಳಿತು, ಮನಸಾರೆ ಅತ್ತರು. ನಾವಿಬ್ಬರೂ ಅವರ ಆಚೀಚೆ ಕುಳಿತೆವು.

ಸ್ವಲ್ಪ ಹೊತ್ತಿನ ನಂತರ ಅತ್ತೆ ಕಣ್ಣೊರೆಸಿಕೊಂಡು, ಅರೆಯುತ್ತಿದ್ದುದನ್ನು ತಟ್ಟೆಗೆ ತೆಗೆದರು. ಒಣ ಸಿಗಡಿಯ ಚಟ್ನಿ. “ಆವತ್ತು ಹೇಳಲಿಕ್ಕೆ ಹೊರಟದ್ದು ಇದನ್ನೇ. ಆಟಿಯಲ್ಲಿ ಅವರು ಆ ಕೋಲನ್ನು ಮುಟ್ಟಿದವರೇ ಅಲ್ಲ. ಪಂಚೆಯಲ್ಲಿ ಸುತ್ತಿ ಇಡುವುದು, ಗಂಜಿಗೆ ಈ ಚಟ್ನಿ ತಿನ್ನುವುದು. ಐಸಿನ ಮೀನು ಅಂದ್ರೆ ಅವರಿಗೆ ಆಗುವುದೇ ಇಲ್ಲ. ನೀವು ಒಂದು ವಾರ ಫ್ರಿಜ್ಜಲ್ಲಿ ಇಟ್ಟ ಕಾಣೆ ಬಡಿಸಿದ್ದರೆ, ಬಾಗಿಲು ತೆಗೆದು ಹೊರಗೆ ಬಂದು ಕೇಳ್ತಿದ್ರು, ಯಾವಾಗ ಹಿಡಿದದ್ದು ಅಂತ!”

ಎಲೆಗೆ ಕುಚ್ಚಲಕ್ಕಿ ಅನ್ನ, ಕೆಸುವಿನ ಎಲೆಯ ಪತ್ರೊಡೆ, ಒಣ ಸಿಗಡಿಯ ಚಟ್ನಿ ಬಡಿಸಿದೆವು. ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ನಾನು ಮನಸ್ಸಿನಲ್ಲಿಯೇ ವರದಿ ಒಪ್ಪಿಸಿದೆ. ಮಾವ, ಸ್ಥಳ ಪರಿಶೀಲಿಸಿದೆ. ರಸ್ತೆಯದ್ದು ತಪ್ಪಿಲ್ಲ, ಗಾಡಿಯದ್ದು ತಪ್ಪಿಲ್ಲ. ಚಾಲಕನ ನಿರ್ಲಕ್ಷ್ಯವೇ ಕಾರಣ, ಐದು ಆದಿತ್ಯವಾರಗಳದ್ದು.

ಬಾಗಿಲು ತೆಗೆದು ಎಲ್ಲರೂ ಊಟಕ್ಕೆ ಕುಳಿತೆವು. ದೂಮಣ್ಣನೂ ಇದ್ದರು. ಮನೆ ಹಗುರಾಗಿತ್ತು. ನನಗೂ ಸ್ವಲ್ಪ ಧೈರ್ಯ ಬಂದು, “ಅತ್ತೆ, ನಾನು ಬಾಗಿಲಲ್ಲಿ ಹೇಳಿದ್ದು ಮಾವ ಹೇಳಿದ ಹಾಗೆಯೇ ಇತ್ತಲ್ಲ?” ಎಂದು ಕೇಳಿದೆ.

ಅತ್ತೆ ನನ್ನ ಎಲೆಗೆ ಇನ್ನೊಂದು ಚಮಚ ಚಟ್ನಿ ಹಾಕಿದರು.

“ಹೇಳಿದ್ದು ಹಾಗೆಯೇ ಇತ್ತು. ಆದ್ರೆ ಅವರು ಅದನ್ನು ಕೋಲು ಇರುವಾಗ ಹೇಳ್ತಿದ್ರು.”